‘ಇನ್‌ಹ್ಯಾಬಿಟೆಂಟ್ಸ್’ ಎಂಬ ಪದವನ್ನು ವಾಕ್ಯದಲ್ಲಿ ಬಳಸುವುದು ಹೇಗೆ? ‘ರೆಸಿಡೆಂಟ್ಸ್’ ಎಂದರೆ ಸಾಲದೆ?

ನೋಟೀಸು ಬರೆದವನು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಸಂಘಕ್ಕೆ ಈ ವರ್ಷ ನಾನು ಕಾರ್ಯದರ್ಶಿ. ಈ ಭಾನುವಾರ ಮೇಲಿನ ನೀರಿನ ಟ್ಯಾಂಕು ತೊಳೆಸುವುದಿದೆ. ಹಿಂದಿನ ದಿನವೇ ನೀರು ತುಂಬಿಟ್ಟುಕೊಳ್ಳಿ ಎಂದು ತಿಳಿಸಲು ಲಿಫ್ಟಿನ ಪಕ್ಕದ ಫಲಕಕ್ಕೆ ಇಂಗ್ಲಿಷಿನಲ್ಲಿ ಒಂದು ನೋಟೀಸು ಅಂಟಿಸಿದೆ. ಅದರ ಮೊದಲ ಸಾಲು ‘ಆಲ್ ದಿ ಇನ್‌ಹ್ಯಾಬಿಟೆಂಟ್ಸ್ ಆಫ್ ಬಿ ಬ್ಲಾಕ್ ಆರ್ ರಿಕ್ವೆಸ್ಟೆಡ್’ ಎಂದು ಶುರುವಾಗುತ್ತಿತ್ತು. ಸಂಜೆ ಬಂದು ನೋಡಿದರೆ ಆ ಪದದ ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ಒಂದು ತೆಂಗಿನ ಮರ, ಅದರ ಬುಡದಲ್ಲೊಂದು ದೋಣಿ, ಸುತ್ತಲೂ ಅಲೆಗಳನ್ನು ಬರೆದಿದ್ದರು. ಮೂರನೆಯ ಮಹಡಿಯ ಹುಡುಗಿಯೊಬ್ಬಳು ನನ್ನನ್ನು ಕಂಡು, ‘ಅಂಕಲ್, ನಾವೆಲ್ಲ ದ್ವೀಪದಲ್ಲಿದ್ದೇವಾ?’ ಎಂದು ಕೇಳಿ ನಕ್ಕಳು.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ನನ್ನಲ್ಲಿರುವ ನಿಘಂಟಿನಲ್ಲಿ ಇನ್‌ಹ್ಯಾಬಿಟೆಂಟ್ ಎಂದರೂ ನಿವಾಸಿ, ರೆಸಿಡೆಂಟ್ ಎಂದರೂ ನಿವಾಸಿ. ಅರ್ಥ ಒಂದೇ ಆಗಿರುವಾಗ ಒಂದಕ್ಕೆ ನಗು, ಇನ್ನೊಂದಕ್ಕೆ ಮರ್ಯಾದೆ ಏಕೆ? ಬಲ್ಲವರು ವಾಕ್ಯಗಳ ಮೂಲಕವೇ ವಿವರಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು

ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತೆಂಗಿನ ಮರ ಬರೆದವರಿಗೂ ಅದು ಗೊತ್ತಿದ್ದಿರಬೇಕು. ಇಲ್ಲವಾದರೆ ಅವರು ಚಿತ್ರ ಬರೆಯುತ್ತಿರಲಿಲ್ಲ, ಪದವನ್ನೇ ಹೊಡೆದುಹಾಕಿ ತಿದ್ದುತ್ತಿದ್ದರು. ಎಡವಟ್ಟಾಗಿರುವುದು ಬಳಕೆಯಲ್ಲಿ. ಇನ್‌ಹ್ಯಾಬಿಟೆಂಟ್ ಎಂಬುದನ್ನು ಇಂದಿನ ಇಂಗ್ಲಿಷಿನಲ್ಲಿ ಒಂದು ಊರು, ದ್ವೀಪ, ಕಣಿವೆ, ಕಾಡು, ಗ್ರಹ ಮುಂತಾಗಿ ನೆಲದ ಒಂದು ಹರವನ್ನು ಹೇಳಿ, ಅಲ್ಲಿ ಬದುಕುವವರನ್ನು ಒಟ್ಟಾಗಿ, ಹೊರಗೆ ನಿಂತು ನೋಡಿ ವರ್ಣಿಸುವವರು ಬಳಸುತ್ತಾರೆ. ತಲೆ ಎಣಿಸುವವರು, ಚರಿತ್ರೆ ಬರೆಯುವವರು, ಪ್ರವಾಸಿಗಳು ಅದನ್ನು ಧಾರಾಳವಾಗಿ ಬರೆಯುತ್ತಾರೆ. ‘ದಿ ಟೌನ್ ಹ್ಯಾಸ್ ಟೆನ್ ಥೌಸಂಡ್ ಇನ್‌ಹ್ಯಾಬಿಟೆಂಟ್ಸ್’ ಎಂಬ ವಾಕ್ಯ ಸರಾಗವಾಗಿದೆ. ‘ದಿ ಇನ್‌ಹ್ಯಾಬಿಟೆಂಟ್ಸ್ ಆಫ್ ದಿ ಐಲೆಂಡ್ ಲಿವ್ ಬೈ ಫಿಶಿಂಗ್’ ಎಂಬುದೂ ಸರಾಗವಾಗಿದೆ. ಆದರೆ ‘ಡಿಯರ್ ಇನ್‌ಹ್ಯಾಬಿಟೆಂಟ್ಸ್’ ಎಂದು ಯಾರೂ ಪತ್ರ ಆರಂಭಿಸುವುದಿಲ್ಲ.

ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇನ್‌ಹ್ಯಾಬಿಟೆಂಟ್ಸ್ ಪ್ರಥಮ ಪುರುಷಕ್ಕೆ ಸೇರಿದ ಪದ. ಅವರ ಬಗ್ಗೆ ಹೇಳಲು ಬರುತ್ತದೆಯೇ ಹೊರತು ಅವರನ್ನೇ ಎದುರು ನಿಲ್ಲಿಸಿಕೊಂಡು ‘ನೀವು’ ಎನ್ನಲು ಬರುವುದಿಲ್ಲ. ರೆಸಿಡೆಂಟ್ಸ್ ಎಂಬುದಾದರೋ ಮಧ್ಯಮ ಪುರುಷಕ್ಕೂ ಒಗ್ಗುತ್ತದೆ. ‘ಡಿಯರ್ ರೆಸಿಡೆಂಟ್ಸ್’ ಎಂದು ದಿನಕ್ಕೆ ನೂರು ನೋಟೀಸುಗಳು ಬೆಂಗಳೂರಿನಲ್ಲೇ ಅಂಟಿಕೊಳ್ಳುತ್ತಿರಬಹುದು. ನಿಮ್ಮ ಬ್ಲಾಕಿನವರಿಗೆ ಆದ ಕಸಿವಿಸಿ ಇಷ್ಟೇ: ಲಿಫ್ಟಿನಲ್ಲಿ ದಿನಾ ಎದುರಾಗುವ ಕಾರ್ಯದರ್ಶಿ ಒಂದು ಬೆಳಿಗ್ಗೆ ದುರ್ಬೀನು ಹಿಡಿದು ತಮ್ಮನ್ನು ದೂರದ ಹಡಗಿನಿಂದ ನೋಡಿದಂತೆ ಅನಿಸಿತು.

ಕೇಳದಿದ್ದರೂ ಇನ್ನೊಂದು ಮಾತು ಸೇರಿಸುತ್ತೇನೆ, ಏಕೆಂದರೆ ಬಹಳ ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿರದು. ಇದರ ಕ್ರಿಯಾಪದವಾದ ‘ಇನ್‌ಹ್ಯಾಬಿಟ್’ ಸಕರ್ಮಕ. ‘ಮೆನಿ ಟ್ರೈಬ್ಸ್ ಇನ್‌ಹ್ಯಾಬಿಟ್ ದಿಸ್ ಫಾರೆಸ್ಟ್’ ಎನ್ನಬೇಕು. ನಮ್ಮ ಮಕ್ಕಳು ‘ಇನ್‌ಹ್ಯಾಬಿಟ್ ಇನ್ ದಿಸ್ ಫಾರೆಸ್ಟ್’ ಎಂದೇ ಬರೆಯುತ್ತಾರೆ, ಏಕೆಂದರೆ ಅವರ ತಲೆಯಲ್ಲಿರುವುದು ‘ಕಾಡಿನಲ್ಲಿ ವಾಸಿಸುತ್ತಾರೆ’ ಎಂಬ ಕನ್ನಡ ವಾಕ್ಯ. ಆ ಸಪ್ತಮಿಯನ್ನು ಇಂಗ್ಲಿಷಿನವರು ಕ್ರಿಯಾಪದದ ಒಳಗೇ ನುಂಗಿಸಿಬಿಟ್ಟಿದ್ದಾರೆ. ಮತ್ತೊಮ್ಮೆ ಹೊರಗೆ ಹಚ್ಚುವ ಅಗತ್ಯವಿಲ್ಲ. ‘ಲಿವ್’, ‘ರಿಸೈಡ್’, ‘ಡ್ವೆಲ್’ ಇವುಗಳಿಗೆ ಮಾತ್ರ ಸ್ಥಳದ ಮುಂದೆ ‘ಇನ್’, ‘ಅಟ್’ನಂಥ ಪದ ಬೇಕು.

ಸಂಸ್ಕೃತ ಓದುವವನು

ಮೇಷ್ಟ್ರೇ, ನೀವು ಹೇಳಿದ ಈ ನುಂಗುವ ಕೆಲಸ ನಮಗೂ ಹೊಸದಲ್ಲ. ಪಾಣಿನಿಯ ‘ಉಪಾನ್ವಧ್ಯಾಙ್ವಸಃ’ ಎಂಬ ಸೂತ್ರ, ಅಂದರೆ ಅಷ್ಟಾಧ್ಯಾಯಿಯ 1.4.48, ಇದನ್ನೇ ಹೇಳುತ್ತದೆ. ವಸ್ ಧಾತುವಿಗೆ ಉಪ, ಅನು, ಅಧಿ, ಆ ಎಂಬ ಉಪಸರ್ಗಗಳಲ್ಲಿ ಒಂದು ಸೇರಿದರೆ ವಾಸದ ಸ್ಥಳವು ಕರ್ಮವಾಗಿ ದ್ವಿತೀಯಾ ವಿಭಕ್ತಿ ಪಡೆಯುತ್ತದೆ: ‘ಗ್ರಾಮೇ ವಸತಿ’, ಆದರೆ ‘ಗ್ರಾಮಮಧಿವಸತಿ’. ‘ನಿ’ ಎಂಬ ಉಪಸರ್ಗ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ‘ನಿವಸತಿ’ ಎಂದಾಗ ಸಪ್ತಮಿಯೇ ಉಳಿಯುತ್ತದೆ. ನಮ್ಮ ನಿವಾಸಿ ಬಂದಿರುವುದು ಈ ಎರಡನೆಯ ಬಗೆಯಿಂದ. ಇಂಗ್ಲಿಷಿನ ‘ಇನ್‌ಹ್ಯಾಬಿಟ್’ಗೆ ನಿಜವಾದ ಜೋಡಿ ಬೇಕಿದ್ದರೆ ‘ಅಧಿವಸತಿ’ಯನ್ನೇ ತೋರಿಸಬೇಕು.

ಕುಂದಾಪುರದವಳು

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ ಸಿಗುತ್ತದೆ. ಹಗಲಿನಲ್ಲಿ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನರಿರುತ್ತಾರೆ, ಆದರೂ ಅದನ್ನು ಇಂಗ್ಲಿಷಿನಲ್ಲಿ ‘ಅನ್‌ಇನ್‌ಹ್ಯಾಬಿಟೆಡ್ ಐಲೆಂಡ್’ ಎಂದೇ ಕರೆಯುತ್ತಾರೆ, ಏಕೆಂದರೆ ಸಂಜೆಯಾದರೆ ಎಲ್ಲರೂ ದೋಣಿ ಹತ್ತಿ ಮರಳುತ್ತಾರೆ, ಅಲ್ಲಿ ಒಲೆ ಹೊತ್ತಿಸುವವರು ಯಾರೂ ಇಲ್ಲ. ಲಕ್ಷದ್ವೀಪದಲ್ಲಿ 36 ದ್ವೀಪಗಳಿದ್ದು ಜನವಸತಿ ಇರುವುದು 10ರಲ್ಲಿ ಎಂದು ಓದುವಾಗಲೂ ಇಂಗ್ಲಿಷ್ ಪುಸ್ತಕಗಳಲ್ಲಿ ಬರುವುದು ‘ಇನ್‌ಹ್ಯಾಬಿಟೆಡ್’ ಎಂಬ ಪದವೇ. ‘ಟೆನ್ ರೆಸಿಡೆಂಟೆಡ್ ಐಲೆಂಡ್ಸ್’ ಎಂದು ಹೇಳಲಾಗುವುದಿಲ್ಲ.

ಒಂದು ಸಂಶಯವಿದೆ, ಮೇಷ್ಟ್ರೇ. ‘ವಿಸಿಬಲ್’ ಎಂದರೆ ಕಾಣುವುದು, ‘ಇನ್‌ವಿಸಿಬಲ್’ ಎಂದರೆ ಕಾಣದ್ದು. ಹಾಗಾದರೆ ‘ಹ್ಯಾಬಿಟಬಲ್’ ಎಂದರೆ ವಾಸಯೋಗ್ಯ, ‘ಇನ್‌ಹ್ಯಾಬಿಟಬಲ್’ ಎಂದರೆ ವಾಸಯೋಗ್ಯವಲ್ಲದ್ದು ಎಂದು ನನ್ನ ಮಗಳು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡಳು. ಅವಳದು ತಪ್ಪೇ?

ನಿವೃತ್ತ ಇಂಗ್ಲಿಷ್ ಮೇಷ್ಟ್ರು

ಇಂದಿನ ಲೆಕ್ಕದಲ್ಲಿ ತಪ್ಪು. ಆದರೆ ನಾನೂರು ವರ್ಷ ಮೊದಲು ಹುಟ್ಟಿದ್ದರೆ ಅವಳಿಗೆ ಪೂರ್ತಿ ಅಂಕ ಸಿಗುತ್ತಿತ್ತು! ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ‘ಇನ್‌ಹ್ಯಾಬಿಟಬಲ್’ ಎಂದರೆ ಬದುಕಲಾಗದ ನೆಲ ಎಂಬ ಅರ್ಥವೂ ಬಳಕೆಯಲ್ಲಿತ್ತು. ಲ್ಯಾಟಿನ್ನಿನ ‘ಇನ್’ ಎಂಬ ಉಪಸರ್ಗ ಒಮ್ಮೆ ‘ಒಳಗೆ’ ಎಂದೂ ಇನ್ನೊಮ್ಮೆ ‘ಅಲ್ಲ’ ಎಂದೂ ಅರ್ಥ ಕೊಡುವುದರಿಂದ ಈ ಗೊಂದಲ. ಈಗ ಹ್ಯಾಬಿಟಬಲ್, ಇನ್‌ಹ್ಯಾಬಿಟಬಲ್ ಎರಡೂ ವಾಸಯೋಗ್ಯವೇ. ವಾಸಯೋಗ್ಯವಲ್ಲ ಎನ್ನಲು ‘ಅನ್‌ಇನ್‌ಹ್ಯಾಬಿಟಬಲ್’ ಎಂದು ಮೂರು ಉಸಿರು ತೆಗೆದುಕೊಳ್ಳಬೇಕು. ಮಗಳಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ.

ಧಾರವಾಡದ ವಕೀಲ

ಮೇಷ್ಟ್ರ ‘ಹೊರಗೆ ನಿಂತು ನೋಡುವ ಪದ’ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕಾನೂನಿನ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಅಮೆರಿಕದ ಸಂವಿಧಾನದ ಪ್ರಕಾರ ಪ್ರತಿನಿಧಿ ಸಭೆಯ ಸದಸ್ಯ ತಾನು ಆಯ್ಕೆಯಾಗುವ ರಾಜ್ಯದ ‘ಇನ್‌ಹ್ಯಾಬಿಟೆಂಟ್’ ಆಗಿರಬೇಕು. ಕರಡಿನಲ್ಲಿ ಅಲ್ಲಿದ್ದ ಪದ ‘ರೆಸಿಡೆಂಟ್’. 1787ರ ಆಗಸ್ಟ್ 8ರಂದು ಫಿಲಡೆಲ್ಫಿಯಾದಲ್ಲಿ ಸೇರಿದ್ದ ಸಂವಿಧಾನ ರಚನಾ ಸಭೆಯಲ್ಲಿ ರೋಜರ್ ಶರ್ಮನ್ ಅದನ್ನು ತೆಗೆದು ‘ಇನ್‌ಹ್ಯಾಬಿಟೆಂಟ್’ ಎಂದು ಹಾಕಬೇಕೆಂದು ಸೂಚಿಸಿದರು, ಜೇಮ್ಸ್ ಮ್ಯಾಡಿಸನ್ ಅನುಮೋದಿಸಿದರು. ಮ್ಯಾಡಿಸನ್ನರ ವಾದ ಸ್ವಾರಸ್ಯವಾಗಿದೆ: ಎರಡೂ ಪದಗಳು ಅಸ್ಪಷ್ಟವೇ, ಆದರೆ ಸಾರ್ವಜನಿಕ ಅಥವಾ ಸ್ವಂತ ಕೆಲಸಕ್ಕಾಗಿ ಬಹುಕಾಲ ಊರು ಬಿಟ್ಟಿರಬೇಕಾದವರನ್ನು ‘ಇನ್‌ಹ್ಯಾಬಿಟೆಂಟ್’ ಎಂಬುದು ಹೊರಗಿಡುವುದಿಲ್ಲ. ಅಂದರೆ ಆ ಕಾಲದವರಿಗೆ ಇನ್‌ಹ್ಯಾಬಿಟೆಂಟ್ ಎಂಬುದು ಹೆಚ್ಚು ಆಳವಾಗಿ ಬೇರು ಬಿಟ್ಟ ಪದವಾಗಿತ್ತು. ರೆಸಿಡೆಂಟ್ ಎಂಬುದೇ ಸದ್ಯಕ್ಕೆ ಅಲ್ಲಿ ಕುಳಿತಿರುವವನನ್ನು ಸೂಚಿಸುತ್ತಿತ್ತು.

ಇಂಗ್ಲೆಂಡಿನ ಹಳೆಯ ಪ್ರಕರಣಗಳ ಹೆಸರುಗಳನ್ನೂ ನೋಡಿ. ರಸ್ತೆ, ಸೇತುವೆ ದುರಸ್ತಿ ಮಾಡದೆ ಬಿಟ್ಟರೆ ಇಡೀ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಅಥವಾ ಕೌಂಟಿಯ ಮೇಲೆ ‘ದಿ ಕಿಂಗ್ ವರ್ಸಸ್ ದಿ ಇನ್‌ಹ್ಯಾಬಿಟೆಂಟ್ಸ್ ಆಫ್’ ಎಂದು ಊರಿನ ಹೆಸರು ಸೇರಿಸಿ ದಾವೆ ಹೂಡುತ್ತಿದ್ದರು. ಅಲ್ಲಿ ಇನ್‌ಹ್ಯಾಬಿಟೆಂಟ್ಸ್ ಎಂದರೆ ಹೊಣೆ ಹೊತ್ತ ಊರೊಟ್ಟಿನ ಜನ. ಅವರನ್ನು ನ್ಯಾಯಾಲಯವು ಎದುರಿಗೇ ನಿಲ್ಲಿಸಿಕೊಂಡಿತ್ತು.

ನಿವೃತ್ತ ಇಂಗ್ಲಿಷ್ ಮೇಷ್ಟ್ರು

ವಕೀಲರೇ, ಅರ್ಧ ಸೋಲನ್ನು ಒಪ್ಪುತ್ತೇನೆ. ನಾನು ಹೇಳಿದ ದೂರ ಇಂದಿನ ಬಳಕೆಯದು, ಪದ ಹುಟ್ಟಿದಾಗಿನದಲ್ಲ. ಲ್ಯಾಟಿನ್ ಮೂಲ ನೋಡಿದರೂ ನಿಮ್ಮ ಮಾತಿಗೇ ಬಲ ಬರುತ್ತದೆ: ಹಿಡಿದುಕೊಳ್ಳು ಎಂಬ ಅರ್ಥದ ಧಾತುವಿನಿಂದ ಬಂದದ್ದು ‘ಹ್ಯಾಬಿಟ್’ ಭಾಗ, ಕುಳಿತುಕೊಳ್ಳು ಎಂಬ ಅರ್ಥದ ಧಾತುವಿನಿಂದ ಬಂದದ್ದು ‘ರೆಸಿಡೆಂಟ್’. ನೆಲವನ್ನು ಹಿಡಿದವನೊಬ್ಬ, ಬಂದು ಕೂತವನೊಬ್ಬ. ಆದರೆ ನಿಮ್ಮ ಉದಾಹರಣೆಯಲ್ಲಿಯೂ ರಾಜ, ನ್ಯಾಯಾಲಯ ಹೊರಗೆ ನಿಂತೇ ಊರನ್ನು ಒಂದು ಮುದ್ದೆಯಾಗಿ ನೋಡುತ್ತಿದ್ದಾರಲ್ಲ? ಆ ಅರ್ಧವನ್ನು ನಾನು ಬಿಟ್ಟುಕೊಡುವುದಿಲ್ಲ. 1800ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್‌ನಿಂದ ಹಿಡಿದು ಮುಂದಿನ ಗೆಜೆಟಿಯರುಗಳವರೆಗೆ ನಮ್ಮ ಅಜ್ಜಂದಿರು ಇಂಗ್ಲಿಷಿನಲ್ಲಿ ‘ಇನ್‌ಹ್ಯಾಬಿಟೆಂಟ್ಸ್’, ‘ನೇಟಿವ್ಸ್’ ಆಗಿಯೇ ಕಾಣಿಸಿಕೊಂಡರು. ಬರೆದವನು ಕುದುರೆಯ ಮೇಲಿದ್ದ, ಇವರು ನೆಲದ ಮೇಲಿದ್ದರು.

ಚರಿತ್ರೆಯ ವಿದ್ಯಾರ್ಥಿ

ಬಂದು ಕೂತವನು ಎಂದಿರಿ, ಚೆನ್ನಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಮೈಸೂರಿನಲ್ಲಿ ನೇಮಿಸಿದ ಅಧಿಕಾರಿಯ ಹುದ್ದೆಯ ಹೆಸರೇ ‘ರೆಸಿಡೆಂಟ್’. ಮೊದಲು ಬಂದವನು ಬ್ಯಾರಿ ಕ್ಲೋಸ್. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದ ಮೇಲೂ ರೆಸಿಡೆಂಟ್ ಸಾಹೇಬರು ಇದ್ದೇ ಇದ್ದರು. ಇಂದಿನ ಬೆಂಗಳೂರಿನ ರಾಜಭವನ ಆಗ ‘ರೆಸಿಡೆನ್ಸಿ’. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿಟ್ಟಿದ್ದರೂ ಆಟೋದವರು ಹಳೆಯ ಹೆಸರನ್ನೇ ಹೇಳುತ್ತಾರೆ. ಊರಿನವನೇ ಅಲ್ಲದ, ಊರಿನವರ ಮೇಲೆ ಕಣ್ಣಿಡಲು ಬಂದವನಿಗೆ ನಿವಾಸಿ ಎಂಬ ಹೆಸರು! ಆದ್ದರಿಂದ ಹಳೆಯ ಕಡತಗಳನ್ನು ಅನುವಾದಿಸುವವರು ‘ದಿ ರೆಸಿಡೆಂಟ್ ಆಫ್ ಮೈಸೂರ್’ ಎಂದಿದ್ದಲ್ಲಿ ‘ಮೈಸೂರಿನ ನಿವಾಸಿ’ ಎಂದು ಬರೆದು ದಿವಾನರಿಗೆ ಪತ್ರ ಬರೆಯುವ ಬಡಪಾಯಿಯನ್ನು ಸೃಷ್ಟಿಸಬಾರದು. ಅಲ್ಲಿ ದೊಡ್ಡಕ್ಷರದ ರೆಸಿಡೆಂಟ್ ಎಂದೇ ಉಳಿಸಬೇಕು.

ಲೆಕ್ಕಪತ್ರ ನೋಡುವವನು

ಇವತ್ತಿನ ಕಚೇರಿ ಭಾಷೆಯಲ್ಲಿ ರೆಸಿಡೆಂಟ್ ಎಂದರೆ ದಿನಗಳ ಲೆಕ್ಕ, ಅಷ್ಟೇ. 1961ರ ಆದಾಯ ತೆರಿಗೆ ಕಾಯ್ದೆಯ 6ನೇ ಕಲಮಿನಲ್ಲಿ 182 ದಿನದ ಲೆಕ್ಕ ಬಂತು. 2016ರ ಆಧಾರ್ ಕಾಯ್ದೆಯಲ್ಲಿಯೂ ಅರ್ಜಿ ಹಾಕುವ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದವನು ರೆಸಿಡೆಂಟ್. ಪೌರತ್ವ ಒಂದರಿಂದಲೇ ಅದು ತೀರ್ಮಾನವಾಗುವುದಿಲ್ಲ. ಜಪಾನಿನ ಪ್ರಜೆ ಇಲ್ಲಿ ರೆಸಿಡೆಂಟ್ ಆಗಬಹುದು, ಚಿಕ್ಕಮಗಳೂರಿನ ಹುಡುಗ ದುಬೈಗೆ ಹೋಗಿ ನಾನ್‌ರೆಸಿಡೆಂಟ್ ಆಗಬಹುದು. ‘ನಾನ್‌ಇನ್‌ಹ್ಯಾಬಿಟೆಂಟ್ ಇಂಡಿಯನ್’ ಎಂದು ಯಾರೂ ಹೇಳುವುದಿಲ್ಲ. ಇನ್ನೊಂದು ಸಂಗತಿ: ಕಾಯ್ದೆಯಲ್ಲಿ ಅದು ವಿಶೇಷಣವಾಗಿಯೂ ಬರುತ್ತದೆ, ಆಗ ‘ರೆಸಿಡೆಂಟ್ ಇನ್ ಇಂಡಿಯಾ’ ಎನ್ನಬೇಕು, ನಾಮಪದವಾದರೆ ‘ಎ ರೆಸಿಡೆಂಟ್ ಆಫ್ ಇಂಡಿಯಾ’. ಇನ್‌ಹ್ಯಾಬಿಟೆಂಟ್‌ಗೆ ಈ ವಿಶೇಷಣದ ವೇಷ ಇಂದು ಇಲ್ಲ.

ಧಾರವಾಡದ ವಕೀಲ

ಒಂದನ್ನು ಸೇರಿಸುತ್ತೇನೆ, ಕಾರ್ಯದರ್ಶಿಯವರಿಗೆ ಉಪಯೋಗಕ್ಕೆ ಬರಬಹುದು. ಮತದಾರರ ಪಟ್ಟಿಗೆ ಸಂಬಂಧಿಸಿದ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ‘ಆರ್ಡಿನರಿಲಿ ರೆಸಿಡೆಂಟ್’ ಎಂಬ ಮಾತಿದೆ. ಒಂದು ಕ್ಷೇತ್ರದಲ್ಲಿ ಮನೆಯ ಮಾಲೀಕತ್ವ ಇದ್ದ ಮಾತ್ರಕ್ಕೆ ಅಲ್ಲಿನ ಸಾಮಾನ್ಯ ನಿವಾಸಿ ಎನಿಸುವುದಿಲ್ಲ, ಸ್ವಲ್ಪ ಕಾಲ ಊರಲ್ಲಿಲ್ಲದ ಮಾತ್ರಕ್ಕೆ ಸಾಮಾನ್ಯ ನಿವಾಸಿ ಅಲ್ಲವೆಂದೂ ಆಗುವುದಿಲ್ಲ ಎಂದು 20ನೇ ಕಲಮು ಹೇಳುತ್ತದೆ. ಆದ್ದರಿಂದ ನಿಮ್ಮ ನೋಟೀಸಿನಲ್ಲಿ ‘ರೆಸಿಡೆಂಟ್ಸ್’ ಎಂದರೆ ಬಾಡಿಗೆಯವರೂ ಸೇರುತ್ತಾರೆ, ‘ಓನರ್ಸ್’ ಎಂದರೆ ಅವರು ಹೊರಗುಳಿಯುತ್ತಾರೆ. ‘ಆಕ್ಯುಪೆಂಟ್ಸ್’ ಎಂದರೆ ಸದ್ಯಕ್ಕೆ ಜಾಗವನ್ನು ಅನುಭವದಲ್ಲಿಟ್ಟುಕೊಂಡವರು. ಆ ಪದಕ್ಕೆ ಅಗ್ನಿಶಾಮಕದವರ ವಾಸನೆ ಇದೆ.

ಹಕ್ಕಿ ನೋಡುವವಳು

ಮನುಷ್ಯರನ್ನು ಬಿಟ್ಟು ಬರೋಣ. ಹಕ್ಕಿಗಳ ವಿಷಯದಲ್ಲಿ ‘ರೆಸಿಡೆಂಟ್ ಬರ್ಡ್ಸ್’ ಎಂದರೆ ವರ್ಷವಿಡೀ ಇಲ್ಲೇ ಇರುವವು, ‘ಮೈಗ್ರೆಂಟ್ಸ್’ ಎಂದರೆ ಬಂದು ಹೋಗುವವು. ‘ಇನ್‌ಹ್ಯಾಬಿಟೆಂಟ್ಸ್ ಆಫ್ ದಿ ವೆಟ್‌ಲ್ಯಾಂಡ್’ ಎಂದರೆ ಹಕ್ಕಿ, ಕಪ್ಪೆ, ನೀರುಹಾವು, ಮೀನು ಎಲ್ಲವೂ ಬರುತ್ತವೆ. ನೋಡಿ, ಇಲ್ಲಿ ರೆಸಿಡೆಂಟ್ ಎಂಬುದು ವಿಂಗಡಿಸುವ ಪದವಾಗಿದೆ, ಇನ್‌ಹ್ಯಾಬಿಟೆಂಟ್ ಎಂಬುದು ಕೂಡಿಸುವ ಪದವಾಗಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟಲು ಬಂದು, ಮರಿ ಹಾರಲು ಕಲಿತ ಮೇಲೆ ಹೊರಟುಹೋಗುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ತವರಿಗೆ ಬಂದ ಮಗಳು ರೆಸಿಡೆಂಟೋ ಇನ್‌ಹ್ಯಾಬಿಟೆಂಟೋ? ನನಗಂತೂ ಎರಡೂ ಒಪ್ಪಲಿಲ್ಲ. ಹಾಗಾಗಿ ಇಂಗ್ಲಿಷಿನ ಟಿಪ್ಪಣಿಯಲ್ಲಿ ‘ನೆಸ್ಟಿಂಗ್ ವಿಸಿಟರ್ಸ್’ ಎಂದು ಬರೆದೆ.

ಶಿರಸಿಯ ಅನುವಾದಕಿ

ಇಲ್ಲಿಯವರೆಗಿನ ಚರ್ಚೆ ಇಂಗ್ಲಿಷಿನ ಒಳಗೇ ಸುತ್ತುತ್ತಿದೆ. ನನ್ನ ತೊಂದರೆ ಶುರುವಾಗುವುದು ಅದನ್ನು ಕನ್ನಡಕ್ಕೆ ತರುವಾಗ. ಈಗಿನ ಪತ್ರಿಕೆಗಳಲ್ಲಿ ಎಲ್ಲರೂ ನಿವಾಸಿಗಳೇ. ‘ಗ್ರಾಮದ ನಿವಾಸಿಗಳು ಪ್ರತಿಭಟಿಸಿದರು’ ಎನ್ನುತ್ತಾರೆ. ಊರಿನವರು ಪ್ರತಿಭಟಿಸಿದರು ಎಂದರೆ ಏನು ಕೊರತೆಯಾಗುತ್ತಿತ್ತು? ಕನ್ನಡಕ್ಕೆ ಇದಕ್ಕಾಗಿ ಬೇರೆ ನಾಮಪದವೇ ಬೇಕಿಲ್ಲ. ಸ್ಥಳದ ಹೆಸರಿಗೆ ‘ಅವರು’ ಹಚ್ಚಿದರೆ ಸಾಕು: ಘಟ್ಟದ ಕೆಳಗಿನವರು, ಬಯಲುಸೀಮೆಯವರು, ಆಚೆ ದಡದವರು, ಮಹಡಿ ಮನೆಯವರು. ಮೇಷ್ಟ್ರು ಹೇಳಿದ ಪ್ರಥಮ ಪುರುಷ, ಮಧ್ಯಮ ಪುರುಷದ ಜಗಳವೂ ಇದಕ್ಕಿಲ್ಲ. ‘ಕೆಳಗಿನ ಮನೆಯವರು ಬಂದರು’ ಎನ್ನಬಹುದು, ‘ಕೆಳಗಿನ ಮನೆಯವರೇ, ಸ್ವಲ್ಪ ಬನ್ನಿ’ ಎಂದು ಕೂಗಲೂ ಬಹುದು.

ಆದರೆ ಇದರಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಕನ್ನಡದ ‘ಅವರು’ ಬಹಳ ಸಲ ಹೇಳುವುದು ಈಗ ಎಲ್ಲಿದ್ದಾರೆ ಎಂಬುದನ್ನಲ್ಲ, ಮೂಲದಲ್ಲಿ ಎಲ್ಲಿಯವರು ಎಂಬುದನ್ನು. ‘ಅವರು ಶಿರಸಿಯವರು, ಹುಬ್ಬಳ್ಳಿಯಲ್ಲಿದ್ದಾರೆ’ ಎಂದರೆ ನಮಗೆ ವಿರೋಧ ಕಾಣುವುದಿಲ್ಲ. ಅವರನ್ನು ಇಂಗ್ಲಿಷಿನಲ್ಲಿ ‘ರೆಸಿಡೆಂಟ್ ಆಫ್ ಹುಬ್ಬಳ್ಳಿ’ ಎನ್ನಬೇಕೇ ಹೊರತು ಶಿರಸಿಯ ರೆಸಿಡೆಂಟ್ ಎನ್ನುವಂತಿಲ್ಲ. ಆ ಮೂಲವನ್ನು ಇಂಗ್ಲಿಷಿನಲ್ಲಿ ಹೇಳಲಾಗದೆ ನಾವು ‘ನಿಮ್ಮ ನೇಟಿವ್ ಯಾವುದು?’ ಎಂದು ಕೇಳುವುದನ್ನು ರೂಢಿಸಿಕೊಂಡಿದ್ದೇವೆ. ಇಂಗ್ಲೆಂಡಿನವನಿಗೆ ಆ ಪ್ರಶ್ನೆ ತಲೆಬುಡ ತಿಳಿಯದು. ಹೀಗಾಗಿ ಕಾಗದಪತ್ರಗಳಲ್ಲಿ, ಕಾನೂನಿನಲ್ಲಿ ‘ನಿವಾಸಿ’ ಬೇಕು ಎಂಬುದನ್ನು ಒಪ್ಪುತ್ತೇನೆ. ನಮ್ಮ ಜಿಲ್ಲೆಯಲ್ಲಿ ಅತಿಕ್ರಮಣದ ಜಮೀನಿನ ಮಾತು ಬಂದಾಗಲೆಲ್ಲ ಬಾಯಿಗೆ ಬರುವ ‘ಇತರೆ ಪಾರಂಪರಿಕ ಅರಣ್ಯವಾಸಿ’ ಎಂಬುದನ್ನೇ ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯ ‘ಫಾರೆಸ್ಟ್ ಡ್ವೆಲರ್ಸ್’ ಎಂಬುದರ ಕನ್ನಡ ಅದು. ಹಾಗೆ ಎನಿಸಿಕೊಳ್ಳಲು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ಆ ‘ವಾಸಿ’ ಎಂಬ ಎರಡಕ್ಷರವನ್ನು ಸಾಬೀತು ಮಾಡಲು ಅಜ್ಜನ ಕಾಲದ ಕಾಗದ ಹುಡುಕುತ್ತ ಅಟ್ಟ ಹತ್ತಿ ಇಳಿದವರನ್ನು ನಾನೇ ಕಂಡಿದ್ದೇನೆ. ಅಲ್ಲಿ ‘ಕಾಡಿನವರು’ ಎಂದರೆ ನಡೆಯುವುದಿಲ್ಲ.

ಇನ್ನು ಕೊಡಗಿನ ಉದಾಹರಣೆ. ‘ದಿ ಇನ್‌ಹ್ಯಾಬಿಟೆಂಟ್ಸ್ ಆಫ್ ಕೂರ್ಗ್’ ಎಂದಿದ್ದುದನ್ನು ಒಬ್ಬರು ‘ಕೊಡವರು’ ಎಂದು ಅನುವಾದಿಸಿದ್ದರು. ಕೊಡವರು ಒಂದು ಸಮುದಾಯ, ಕೊಡಗಿನಲ್ಲಿರುವವರೆಲ್ಲ ಕೊಡವರಲ್ಲ. ಅಲ್ಲಿ ‘ಕೊಡಗಿನ ಜನ’ ಎನ್ನುವುದೇ ಸರಿ. ನನ್ನ ಅನುಭವದಲ್ಲಿ ‘ಇನ್‌ಹ್ಯಾಬಿಟೆಂಟ್ಸ್’ ಬಂದಲ್ಲೆಲ್ಲ ಮೊದಲು ‘ಜನ’ ಎಂದು ಹಾಕಿ ಓದಿ ನೋಡಬೇಕು; ಬಹುಪಾಲು ಕಡೆ ಅದೇ ನಿಲ್ಲುತ್ತದೆ.

ಲೆಕ್ಕಪತ್ರ ನೋಡುವವನು

ಅಕ್ಕ, ‘ವಾಸಿ’ ಎಂದು ಮಾತ್ರ ಹೇಳಿದರೆ ನಮ್ಮ ಹಳೆ ಮೈಸೂರಿನ ಕಡೆ ರೋಗ ಗುಣವಾಯಿತು ಎಂದೋ, ‘ಅದಕ್ಕಿಂತ ಇದೇ ವಾಸಿ’ ಎಂದೋ ತಿಳಿಯುತ್ತಾರೆ. ಆದರೂ ಕ್ರಯಪತ್ರದಲ್ಲಿ ‘ಇಂಥ ಹೋಬಳಿ, ಇಂಥ ಗ್ರಾಮದ ವಾಸಿ, ಇಂಥವರ ಬಿನ್ ಇಂಥವರಾದ ನಾನು ಬರೆದುಕೊಟ್ಟ ಕ್ರಯಪತ್ರದ ಕ್ರಮವೇನೆಂದರೆ’ ಎಂದೇ ಬರೆಯುತ್ತಾರೆ. ಅಲ್ಲಿ ಯಾರಿಗೂ ಕಾಯಿಲೆ ನೆನಪಾಗುವುದಿಲ್ಲ.

ಧಾರವಾಡದ ವಕೀಲ

ನಮ್ಮ ಕಡೆಯ ಪತ್ರಗಳಲ್ಲಿ ಹೆಸರಿನ ಮುಂದೆ ‘ಸಾ॥ ಧಾರವಾಡ’ ಎಂದಿರುತ್ತದೆ. ಹೊಸ ವಕೀಲರು ಅದನ್ನು ‘ಸಾಹೇಬ’ ಎಂದೋ ‘ಸಾಕ್ಷಿ’ ಎಂದೋ ಓದುವುದುಂಟು. ಅದು ‘ಸಾಕಿನ್’, ಅರಬ್ಬಿಯಿಂದ ಬಂದದ್ದು, ವಾಸವಿರುವವನು ಎಂದೇ ಅರ್ಥ. ಮಾತಿನಲ್ಲಿ ‘ರಹವಾಸಿ’ ಎನ್ನುವುದೂ ಉಂಟು. ಹೀಗೆ ಇಂಗ್ಲಿಷಿನ ‘ರೆಸಿಡಿಂಗ್ ಅಟ್’ ಎಂಬುದಕ್ಕೆ ನಮ್ಮಲ್ಲಿ ಒಂದೂವರೆ ಅಕ್ಷರದ ಪರ್ಯಾಯ ಇದೆ.

ಕಂದಾಯ ಇಲಾಖೆಯಲ್ಲಿದ್ದವನು

ಜನರಿಲ್ಲದ ಊರಿಗೂ ನಮ್ಮ ಕಡತದಲ್ಲಿ ಹೆಸರಿದೆ, ಅದನ್ನು ಯಾರೂ ಹೇಳಲಿಲ್ಲ. ‘ಅನ್‌ಇನ್‌ಹ್ಯಾಬಿಟೆಡ್ ವಿಲೇಜ್’ ಎಂದರೆ ‘ಬೇಚರಾಕ್ ಗ್ರಾಮ’. ಪಾರ್ಸಿಯ ‘ಬೇ ಚಿರಾಗ್’, ದೀಪವಿಲ್ಲದ್ದು. ಸರ್ವೆ ನಂಬರು ಇರುತ್ತದೆ, ನಕ್ಷೆ ಇರುತ್ತದೆ, ಎಲ್ಲೆಕಲ್ಲು ಇರುತ್ತದೆ, ಪಹಣಿಯೂ ಬರುತ್ತದೆ. ಸಂಜೆ ದೀಪ ಹಚ್ಚುವವರು ಮಾತ್ರ ಇರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಒಂದು ಗ್ರಾಮಕ್ಕೆ ಹೋಗಿದ್ದೆ. ಒಂದು ಹಾಳು ಬಾವಿ, ಒಂದು ಹನುಮಂತನ ಗುಡಿ, ಗುಡಿಯೆದುರು ಪಕ್ಕದೂರಿನವರು ಶನಿವಾರ ಬಂದು ಹಚ್ಚಿ ಹೋದ ಹಣತೆಯ ಮಸಿ. ಜೊತೆಗಿದ್ದ ತಳವಾರ, ‘ವಾರಕ್ಕೊಮ್ಮೆ ದೀಪ ಉರೀತದಲ್ಲ ಸ್ವಾಮಿ, ಹಂಗಾದ್ರೆ ಇದು ಬೇಚರಾಕ್ ಹೆಂಗಾಯ್ತು?’ ಎಂದು ಕೇಳಿದ್ದ. ಇಂಗ್ಲಿಷ್ ಪದದಲ್ಲಿ ಆ ಪ್ರಶ್ನೆ ಹುಟ್ಟುವುದಿಲ್ಲ.

ಕುಂದಾಪುರದವಳು

ದೀಪದ ಮಾತು ಓದಿ ‘ಒಕ್ಕಲು’ ನೆನಪಾಯಿತು. ಇಷ್ಟು ಹೊತ್ತಾದರೂ ಅದನ್ನು ಯಾರೂ ಎತ್ತಲಿಲ್ಲವಲ್ಲ! ಒಕ್ಕಲು ಎಂದರೆ ವಾಸ, ಒಂದು ಸಂಸಾರ, ಸಾಗುವಳಿ ಮಾಡುವವನು, ಧಣಿಯ ಜಮೀನಿನ ಗೇಣಿದಾರ ಎಲ್ಲವೂ ಹೌದು. ನಮ್ಮಲ್ಲಿ ಹೊಸ ಮನೆ ಸೇರುವ ಶುಭಕಾರ್ಯಕ್ಕೆ ‘ಮನೆಯೊಕ್ಕಲು’ ಎನ್ನುತ್ತಾರೆ. ಊರಿನ ಗಾತ್ರ ಹೇಳುವಾಗ ಹಿರಿಯರು ತಲೆ ಎಣಿಸುತ್ತಿರಲಿಲ್ಲ, ‘ನಲವತ್ತು ಒಕ್ಕಲಿನ ಊರು’ ಎನ್ನುತ್ತಿದ್ದರು. ಕೊಡಗಿನಲ್ಲಿ ಗೋಣಿಕೊಪ್ಪದ ಹತ್ತಿರ ಅರುವತ್ತೊಕ್ಕಲು ಎಂಬ ಊರೇ ಇದೆ. ‘ಎ ವಿಲೇಜ್ ಆಫ್ ಫೋರ್ಟಿ ಇನ್‌ಹ್ಯಾಬಿಟೆಂಟ್ಸ್’ ಎಂಬುದನ್ನು ಮಾತ್ರ ‘ನಲವತ್ತು ಒಕ್ಕಲಿನ ಊರು’ ಎಂದು ಅನುವಾದಿಸಬೇಡಿ, ಜನಸಂಖ್ಯೆ ಐದಾರು ಪಟ್ಟು ಹೆಚ್ಚಿಬಿಡುತ್ತದೆ. ಅದು ನಲವತ್ತು ‘ಹೌಸ್‌ಹೋಲ್ಡ್ಸ್’.

ಮತ್ತು ಅದೇ ಪದದಿಂದ ‘ಒಕ್ಕಲೆಬ್ಬಿಸು’ ಬಂತು. ಕೂತವರನ್ನು ಎಬ್ಬಿಸುವುದು. 1974ರ ಭೂಸುಧಾರಣೆ ತಿದ್ದುಪಡಿ ಬರುವವರೆಗೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಕ್ರಿಯಾಪದದ ಹೆದರಿಕೆ ಹೊಸಿಲಲ್ಲೇ ಕೂತಿರುತ್ತಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದರು.

ನೋಟೀಸು ಬರೆದವನು

ಒಂದು ಪದ ಕೇಳಿದ್ದಕ್ಕೆ ಇಷ್ಟು ಸಿಕ್ಕಿತು, ಎಲ್ಲರಿಗೂ ಕೃತಜ್ಞತೆಗಳು. ಹಳೆಯ ನೋಟೀಸನ್ನು ಕಿತ್ತು ಎರಡು ಭಾಷೆಗಳಲ್ಲಿ ಹೊಸದನ್ನು ಬರೆದಿದ್ದೇನೆ. ಇಂಗ್ಲಿಷಿನದು ‘ಡಿಯರ್ ರೆಸಿಡೆಂಟ್ಸ್, ಪ್ಲೀಸ್ ಸ್ಟೋರ್ ವಾಟರ್ ಬೈ ಸ್ಯಾಟರ್ಡೇ ನೈಟ್’ ಎಂದು ಶುರುವಾಗುತ್ತದೆ. ಕನ್ನಡದ್ದಕ್ಕೆ ಮೊದಲು ‘ಎಲ್ಲ ನಿವಾಸಿಗಳಲ್ಲಿ ವಿನಂತಿ’ ಎಂದು ಬರೆದಿದ್ದೆ. ಶಿರಸಿಯವರ ಮಾತು ಓದಿದ ಮೇಲೆ ‘ಬಿ ಬ್ಲಾಕಿನ ಎಲ್ಲ ಮನೆಯವರ ಗಮನಕ್ಕೆ’ ಎಂದು ತಿದ್ದಿದೆ. ವಕೀಲರು ಹೇಳಿದಂತೆ ಬಾಡಿಗೆಯವರು ಹೊರಗುಳಿಯಬಾರದು, ಮನೆಯವರು ಎಂದರೆ ಅವರೂ ಬಂದರಲ್ಲ? ಕೆಳಗೆ ಸಂಘದ ಹೆಸರು ‘ರೆಸಿಡೆಂಟ್’ಸ್ ವೆಲ್ಫೇರ್ ಅಸೋಸಿಯೇಷನ್’ ಎಂದು ಹಾಕಿದ್ದೇನೆ.

ಶಿರಸಿಯ ಅನುವಾದಕಿ

ಬಂದರು. ಮನೆಯವರು ಎಂದರೆ ಮನೆಯಲ್ಲಿರುವವರು, ಮನೆ ಯಾರ ಹೆಸರಿನಲ್ಲಾದರೂ ಇರಲಿ. ಒಂದೇ ಒಂದು ಎಚ್ಚರಿಕೆ: ಏಕವಚನದ ಸಂದರ್ಭದಲ್ಲಿ ‘ನಮ್ಮ ಮನೆಯವರು’ ಎಂದರೆ ಗಂಡ ಅಥವಾ ಹೆಂಡತಿ ಆಗಿಬಿಡುತ್ತದೆ. ‘ಎಲ್ಲ’ ಎಂಬುದನ್ನು ಮರೆಯದೆ ಸೇರಿಸಿದ್ದೀರಿ, ಬಚಾವಾದಿರಿ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು

ಸಂಘದ ಹೆಸರಿನಲ್ಲಿ ಆ ಮೇಲ್ಚಿಹ್ನೆಯನ್ನು ಎಸ್ ಅಕ್ಷರದ ಆಚೆಗೆ ಸರಿಸಿ. ಈಚೆಗಿದ್ದರೆ ಒಬ್ಬನೇ ಒಬ್ಬ ರೆಸಿಡೆಂಟನ ಕ್ಷೇಮಕ್ಕಾಗಿ ಇರುವ ಸಂಘವಾಗುತ್ತದೆ, ಆ ಒಬ್ಬನು ಕಾರ್ಯದರ್ಶಿಯೇ ಇರಬೇಕು ಎಂದು ಪೆನ್ಸಿಲಿನವರು ಊಹಿಸಿಯಾರು.

ನೋಟೀಸು ಬರೆದವನು

ಸರಿಸಿದೆ, ಮೇಷ್ಟ್ರೇ. ಅಂದಹಾಗೆ, ಹಳೆಯ ಹಾಳೆಯನ್ನು ಕೀಳುವಾಗ ಗಮನಿಸಿದೆ, ದೋಣಿಯೊಳಗೆ ಒಂದು ಪ್ಲಾಸ್ಟಿಕ್ ಕೊಡವೂ ಸೇರಿತ್ತು. ನೀರು ತುಂಬಿಟ್ಟುಕೊಳ್ಳಬೇಕೆಂಬ ಸುದ್ದಿಯಾದರೂ ದ್ವೀಪದವರಿಗೆ ಸರಿಯಾಗಿಯೇ ಮುಟ್ಟಿದೆ.